ಕೇಳದೆ ಕೊಂಡ ಬಾಗಿಲು

ಗುರುಲಿಂಗವ್ವ ಹುನಗುಂದದ ಸಂತೆಗೆ ಬಂದರೆ ಅಂಗಡಿಯವರ ತಾಳ್ಮೆ ಮುಗಿಯುತ್ತಿತ್ತು. ಕೊಡ ಕೊಂಡರೂ ತಳಕ್ಕೆ ಬೆರಳಗಂಟಿನಿಂದ ಬಡಿದು ದನಿ ಕೇಳುವಳು. ಸೀರೆಯ ಒಳಮೈ ನೋಡದೆ ಸೆರಗು ಮುಟ್ಟಳು. ಕಂಡ ದಿನವೇ ಏನನ್ನೂ ಕೊಳ್ಳುತ್ತಿರಲಿಲ್ಲ. ರಾತ್ರಿ ಕಳೆದ ಮೇಲೂ ಬೇಕೆನಿಸಿದರೆ ಮಾತ್ರ. ಹಳೆಯ ವಸ್ತುವಾದರೆ ಯಾರು ಬಳಸಿದ್ದು, ಯಾಕೆ ಕೊಟ್ಟರು ಎಂದು ಕೇಳದೆ ಒಳಗೆ ತರುತ್ತಿರಲಿಲ್ಲ. ಸಾಮಾನು ಮನೆಗೆ ಒಮ್ಮೆ ಬರಬೇಕು, ನಮ್ಮನ್ನು ಕಳಿಸಿ ತಾನು ಉಳಿಯಬೇಕು ಎಂಬುದು ಅವಳ ಮಾತು.

ಹೊಸ ಮನೆಗೆ ಬಾಗಿಲು ಹುಡುಕುವಾಗ ಮಾತ್ರ ತಪ್ಪಿದಳು. ಬಾಗಲಕೋಟೆಯಲ್ಲಿ ನಬಿಸಾಬ ಎಂಬವನು ಅಣೆಕಟ್ಟಿನ ಹಿನ್ನೀರಿಗೆ ಮುಳುಗಿಹೋದ ಮನೆಗಳ ಕಂಬ, ತೊಲೆ ಮಾರುತ್ತಿದ್ದ. ಅಲ್ಲೊಂದು ಸಾಗವಾನಿ ಬಾಗಿಲು, ಚೌಕಟ್ಟು ಹೊಸ್ತಿಲು ಸಮೇತ ನಿಂತಿತ್ತು. ಹೊಸ್ತಿಲ ನಡುವೆ ಕಾಲು ಸವೆದ ತಗ್ಗು. ಇನ್ನೊಬ್ಬ ಗಿರಾಕಿ ಅದನ್ನು ಸವರಿ ನೋಡುತ್ತಿದ್ದ. ಅದು ಅವನ ಪಾಲಾದೀತೆಂದು ಗುರುಲಿಂಗವ್ವನ ತಲೆ ಕೆಟ್ಟಿತು. ಅವನನ್ನು ಸರಿಸಿ, ಏನೂ ಕೇಳದೆ, ನಿಂತ ಕಾಲಲ್ಲಿ ಕೊಂಡಳು.

ಮನೆ ಹೊಕ್ಕ ಕೆಲವೇ ದಿನಕ್ಕೆ, ದೀಪ ಹಚ್ಚುವ ಹೊತ್ತಿಗೆ ಬಾಗಿಲ ಹೊರಗಿನ ಸರಪಳಿ ಬಡಿಯತೊಡಗಿತು. ತೆರೆದರೆ ಯಾರೂ ಇಲ್ಲ. ಗಾಳಿಯನ್ನು ಬೈದು ಸರಪಳಿಗೆ ಬಟ್ಟೆ ಸುತ್ತಿದಳು. ಬಟ್ಟೆಯೊಳಗಿಂದಲೂ ಬಡಿಯಿತು. ಚೊಚ್ಚಲ ಬಸುರಿ ಸೊಸೆ ದಾನೇಶ್ವರಿ ಮೊದಮೊದಲು ಅಂಜಿದಳು, ಆಮೇಲೆ ಕಾಯತೊಡಗಿದಳು. ಒಂದು ಸಂಜೆ ಕದ ತೆರೆದು, ಖಾಲಿ ಅಂಗಳಕ್ಕೆ "ಒಳಗ ಬರ್ರಿ ಆಯಿ" ಎಂದಳು.

ಗುರುಲಿಂಗವ್ವ ರಟ್ಟೆ ಹಿಡಿದು ಎಳೆದಳು. "ಯಾರನ್ನ ಕರಿಯಾಕತ್ತೀ?"

"ಭಾಳ ದೂರದಿಂದ ನಡ್ಕೊಂತ ಬರ್ತಾರ್ರಿ ಅತ್ತಿ. ಕಾಲು ಹಸಿ ಅದಾವು. ನೀವು ಕರೀದಿದ್ರ ನಾನ ಅವರ ಸಂಗಾಟ ಹೋಗ್ತೇನಿ."

ಬೆಳಗಿನ ಮೊದಲ ಬಸ್ಸಿಗೆ ಗುರುಲಿಂಗವ್ವ ಬಾಗಲಕೋಟೆಗೆ ಹೋದಳು. ನಬಿಸಾಬ ಅವಳ ಬೈಗುಳವನ್ನೆಲ್ಲ ಕೇಳಿಸಿಕೊಂಡು ಹೇಳಿದ. ಅದು ಚಂದವ್ವ ಎಂಬ ಮುದುಕಿಯ ಮನೆಯ ಬಾಗಿಲು. ಊರು ಬಿಡಿಸುವಾಗ ಅವಳು ಒಳಗಿನಿಂದ ಅಗಳಿ ಹಾಕಿ ಕೂತಳು. ಕದ ಕಳಚಿ ಅವಳನ್ನು ಹೊರತಂದರು. ಮುಳುಗಡೆಯವರಿಗೆಂದು ಕಟ್ಟಿದ ನವನಗರಕ್ಕೆ ಬಂದ ಮೇಲೂ ಸಂಜೆಯಾದರೆ ಮನೆಗೆ ಹೋಗುತ್ತೇನೆಂದು ನೀರಿನ ಕಡೆ ಹೊರಡುತ್ತಿದ್ದಳು. ಒಂದು ಸಂಜೆ ಹೋದವಳು ತಿರುಗಿ ಬರಲಿಲ್ಲ.

"ಮದ್ಲ ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ರಿ ಅವ್ವಾರ. ಕೇಳಿದವ್ರು ಯಾರೂ ಒಯ್ದಿಲ್ಲ."

ಮರುದಿನ ಬಡಿಗನನ್ನು ಕರೆಸಿ ಎರಡೂ ಕದ ಕಳಚಿ, ಟಂಟಂ ಆಟೊದಲ್ಲಿ ಹೇರಿ ವಾಪಸು ಕಳಿಸಿದಳು. ಗೋಡೆ ಒಡೆಯಲು ಕರೆಸಿದ ಗೌಂಡಿ ಚೌಕಟ್ಟಿಗೆ ಮಾತ್ರ ಕೈ ಹಚ್ಚಲಿಲ್ಲ. ಬಸುರಿ ಇರುವ ಮನೆಯ ಹೊಸ್ತಿಲು ಕೀಳಬಾರದು, ಹೆರಿಗೆಯಾಗಲಿ ಎಂದ. ಅವನಿಗೂ ಬೈದು, ಚೌಕಟ್ಟಿಗೊಂದು ಕೌದಿ ಇಳಿಬಿಟ್ಟಳು.

ಸಂಜೆ ಸೊಸೆಯನ್ನು ಮಗ್ಗುಲಲ್ಲೇ ಕೂರಿಸಿಕೊಂಡು ದೀಪ ಹಚ್ಚಿದಳು. ಏನೂ ಬಡಿಯಲಿಲ್ಲ. ಓಣಿಯ ಸದ್ದು ಕಡಿಮೆಯಾಗುವವರೆಗೂ ಕಿವಿಗೊಟ್ಟು ಕೂತಳು. ಎದೆ ಹಗುರಾಯಿತು. ಊಟಕ್ಕೆ ಏಳು ಎಂದಳು.

ದಾನೇಶ್ವರಿ ಏಳಲಿಲ್ಲ. ಎದುರಿನ ಗೋಡೆಯತ್ತ ನೋಡುತ್ತ, ಹಿರಿಯರ ಮುಂದೆ ಮಾಡುವಂತೆ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಇನ್ನೊಂದು ತಾಟು ಹಾಕ್ರಿ ಅತ್ತಿ," ಎಂದಳು. "ಬಡಿಯಾಕ ಕದಾ ಎಲ್ಲಿ ಅದಾವು? ಆಗಳೇ ಒಳಗ ಬಂದು ಕುಂತಾರ."