ಹಳೇ ಬೆಲ್ಟ್ ಎಲ್ಲಿ?

ಬೆಳಿಗ್ಗೆ ಒಂಬತ್ತು ಗಂಟೆ. ನಿವೃತ್ತ ಚಾಲಕನ ಶವ ನಡುಮನೆಯಲ್ಲಿತ್ತು, ಕಾರು ಅಂಗಳದಲ್ಲಿತ್ತು. ಹಿಂದಿನ ಸಂಜೆ ಮೇಲ್ಸೇತುವೆಯ ಮೇಲೆ ಟೈಮಿಂಗ್ ಬೆಲ್ಟ್ ತುಂಡಾಗಿ ಇಂಜಿನ್ ನಿಂತಿತ್ತು. ಬಾನೆಟ್ ಎತ್ತಲು ಇಳಿದವನಿಗೆ ಲಾರಿ ಬಡಿದಿತ್ತು.

ಮಗಳು ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದಾಗ ಮೆಕ್ಯಾನಿಕ್ ಒಳಗೆ ಬಂದ. ಅಪ್ಪನ ಹಳೆಯ ಗೆಳೆಯ. ರಾತ್ರಿ ಕಾರನ್ನು ಎಳೆದು ತಂದವನೂ ಅವನೇ.

"ಬಂದ ನೋಡು ಮಹಾನುಭಾವ," ಚಿಕ್ಕಪ್ಪ ಪಿಸುಗುಟ್ಟಿದ. "ಮೂರು ತಿಂಗಳ ಹಿಂದೆ ಹಾಕಿದ ಬೆಲ್ಟ್ ಹೇಗಮ್ಮ ಹರಿಯುತ್ತೆ? ಹಳೇದನ್ನೇ ಒರೆಸಿ ಕೂರಿಸಿದಾನೆ. ಅವನು ಹೆಗಲು ಕೊಡೋದು ಬೇಡ. ನೀನೇ ಹೇಳಿಬಿಡು."

ಅವಳನ್ನೂ ರಾತ್ರಿಯಿಡೀ ಅದೇ ಕೊರೆದಿತ್ತು. ಬಿಚ್ಚಿದ ಹಳೆಯ ಭಾಗವನ್ನು ಗಿರಾಕಿಯ ಕೈಗೇ ಕೊಡುವುದು ಮೆಕ್ಯಾನಿಕ್‌ನ ರೂಢಿ. ಅನುಮಾನ ಇದ್ದವರು ನೋಡಿಕೊಳ್ಳಲಿ ಎಂದು. ಈ ಸಲ ಮನೆಗೆ ಏನೂ ಬಂದಿರಲಿಲ್ಲ.

"ಮಾವ, ಅಪ್ಪನ ಕಾರಿನ ಹಳೇ ಬೆಲ್ಟ್ ಎಲ್ಲಿ?"

ಮೆಕ್ಯಾನಿಕ್ ಶವದ ಕಡೆ ನೋಡಿದ. "ನೆನಪಿಲ್ಲಮ್ಮ."

"ಕಂಡವರ ಕಾರಿನ ನಟ್ಟು ಬೋಲ್ಟೆಲ್ಲ ನೆನಪಿರುತ್ತೆ," ಚಿಕ್ಕಪ್ಪ ಗೋಡೆಗೆ ಹೇಳಿದ.

*

ಮೂರು ತಿಂಗಳ ಹಿಂದೆ ಊಟಕ್ಕೆ ಕೂತಾಗ ಅವಳೇ ಹಠ ಹಿಡಿದಿದ್ದಳು.

"ಬೆಲ್ಟ್ ಐದು ವರ್ಷಕ್ಕೆ ಬದಲಿಸಬೇಕಂತೆ ಅಪ್ಪ. ಏಳಾಯ್ತು."

"ಓಡಿರೋದೆಷ್ಟು? ಮಾರ್ಕೆಟ್ಟಿಗೆ ಹೋಗಿ ಬರೋ ಗಾಡಿ."

"ಓಡದಿದ್ರೂ ರಬ್ಬರಿಗೆ ವಯಸ್ಸಾಗುತ್ತಂತೆ."

"ಜೀವನ ಎಲ್ಲಾ ಸ್ಟಿಯರಿಂಗ್ ಹಿಡಿದೋನಿಗೆ ಪಾಠನಾ? ಕೆಡೋ ಮುಂಚೆ ಇಂಜಿನ್ ನನ್ನ ಕಿವೀಲಿ ಹೇಳುತ್ತೆ."

ಆದರೂ ಮರುದಿನ ಕಾರು ತೆಗೆದುಕೊಂಡು ಹೋದ. ಸಂಜೆ ಬಂದವನನ್ನು ಗೇಟಿನಲ್ಲೇ ತಡೆದಳು. "ಹಾಕಿಸಿದ್ರಾ?"

"ಆಯ್ತು ತಾಯಿ, ಆಯ್ತು. ಇನ್ನಾದ್ರೂ ನೆಮ್ಮದಿಯಾಗಿ ಊಟ ಮಾಡೋಕೆ ಬಿಡು."

*

ಅವಳು ಅಂಗಳಕ್ಕೆ ಹೋಗಿ ಡಿಕ್ಕಿ ತೆರೆದಳು. ಸ್ಟೆಪ್ನಿಯ ಕೆಳಗೆ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಬೆಲ್ಟ್. ಹಳೆಯದಲ್ಲ, ಹೊಸದು. ಪೊಟ್ಟಣದ ಸೀಲು ಒಡೆದಿರಲಿಲ್ಲ.

ತಪ್ಪಿಸಿಕೊಳ್ಳಲು ರಾತ್ರಿ ಮೆಕ್ಯಾನಿಕ್ಕೇ ತಂದಿಟ್ಟನೇ?

ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಗಾಜು ಒರೆಸಲೆಂದು ತಾನೇ ಅಂಚು ಹೊಲಿದುಕೊಟ್ಟಿದ್ದ ಬಟ್ಟೆ. ಎಲ್ಲೋ ಕಳೆದುಹೋಯಿತು ಎಂದು ಅಪ್ಪ ಬೆಲ್ಟ್ ಹಾಕಿಸಿದೆ ಎಂದ ವಾರವೇ ಇನ್ನೊಂದು ಹೊಲಿಸಿಕೊಂಡಿದ್ದ.

ಮೆಕ್ಯಾನಿಕ್ ಹಿಂದೆ ಬಂದು ನಿಂತಿದ್ದ.

"ನೀವು ನೋಡಿದ್ರಾ?"

"ಎಳೆಯೋಕೆ ಹಗ್ಗ ಹುಡುಕುವಾಗ ಕಂಡಿತು. ನನ್ನ ಹತ್ರ ಗಾಡಿ ಬಂದೇ ಇರಲಿಲ್ಲ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?"

"ಅವನು ಅಲ್ಲೇ ಮಲಗಿದ್ನಲ್ಲಮ್ಮ. ಎಲ್ಲರ ಮುಂದೆ ಸುಳ್ಳ ಅಂತ ಹೇಗೆ ಅನ್ನಲಿ?"

ಅವಳು ಗಂಟನ್ನು ಮೊದಲಿನಂತೆ ಕಟ್ಟಿ ಸ್ಟೆಪ್ನಿಯ ಕೆಳಗಿಟ್ಟು ಡಿಕ್ಕಿ ಮುಚ್ಚಿದಳು.

"ಹೇಳಿದ್ಯೇನಮ್ಮಾ ಅವನಿಗೆ?" ಚಿಕ್ಕಪ್ಪ ಬಾಗಿಲಿನಿಂದ ಕೇಳಿದ.

"ಹೇಳಿದೆ. ಮುಂದೆ ನಿಲ್ಲಿ ಅಂದೆ."

ಹತ್ತೂವರೆಗೆ ಶವ ಎತ್ತಿದರು. ಮುಂದೆ ಎಡಕ್ಕೆ ಮೆಕ್ಯಾನಿಕ್ ಹೆಗಲು ಕೊಟ್ಟ, ಬಲಕ್ಕೆ ಮಗಳು.