ಹಿಕೊರಿ ಬೀದಿಯ ನಿಂತ ಮೀಟರು

ಡಾರ್ಲಾ ಟಿಡ್‌ವೆಲ್ ಆ ಮಾತನ್ನು ಬರೆದದ್ದು ಶಾಲೆಯ ಮೈದಾನದ ಪಕ್ಕ ತನ್ನ ಪಿಕಪ್ಪಿನಲ್ಲಿ ಕೂತು, ಮಗನ ಅಭ್ಯಾಸ ಮುಗಿಯುವುದನ್ನು ಕಾಯುತ್ತಿದ್ದಾಗ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಹಿಕೊರಿ ಬೀದಿಯ ಆ ಬಾಡಿಗೆ ಮನೆಯಲ್ಲಿ ಒಂದು ತಿಂಗಳಿಂದ ಒಂದು ಲೋಟ ನೀರೂ ಹರಿದಿಲ್ಲ. ಅಲ್ಲಿ ಯಾರಾದರೂ ಇದ್ದರೆ ಅವರು ಒಂಟೆಗಳೇ ಇರಬೇಕು."

ಕೆಳಗೆ ಅವಳ ಹೆಸರಿರಲಿಲ್ಲ. ಆ ಕಟ್ಟೆಯಲ್ಲಿ ಅವಳು 'ಹಳೇ ಬೂಟು'.

ಕಟ್ಟೆ ಎಂದರೆ ಕೈಯಲ್ಲಿ ಚೆಂಡೆಸೆದು ಆಡುವ ಅಮೆರಿಕದ ಶಾಲಾ ಫುಟ್‌ಬಾಲಿಗೆಂದೇ ಇರುವ ಆನ್‌ಲೈನ್ ಹರಟೆಕಟ್ಟೆ. ಪಶ್ಚಿಮ ಟೆಕ್ಸಸ್ಸಿನ ಎಂಟು ಊರಿನವರು ಅಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಾರೆ. ಆಡಿ ಮೂವತ್ತು ವರ್ಷವಾದವರು, ಹುಟ್ಟಿದಾಗಿನಿಂದ ಚೆಂಡು ಮುಟ್ಟದವರು, ಎಲ್ಲರೂ. ಯಾವ ಹುಡುಗನ ಮೊಣಕಾಲು ನೋಯುತ್ತಿದೆ, ಯಾವ ಕೋಚ್‌ಗೆ ಬುದ್ಧಿಯಿಲ್ಲ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. "ನಾವದನ್ನ ಓದೋದೇ ಇಲ್ಲ" ಎನ್ನುವ, ಶಾಲೆಗಳ ಆಡಳಿತ ನೋಡುವ ಸೂಪರಿಂಟೆಂಡೆಂಟರೂ ಬೆಳಗಿನ ಕಾಫಿಗೆ ಮುಂಚೆ ತೆರೆಯುವುದು ಅದನ್ನೇ.

ಹಿಕೊರಿ ಬೀದಿಯ ಮನೆ ಎಫ್ರೇನ್ ಕಾಂತು ಎಂಬ ಹುಡುಗನದು. ಹೋದ ವರ್ಷದವರೆಗೆ ಅವನು ಪಕ್ಕದ ಡನ್ಲಿ ಊರಿನ ತಂಡದ ಕ್ವಾರ್ಟರ್‌ಬ್ಯಾಕ್, ಚೆಂಡೆಸೆದು ಇಡೀ ಆಟ ನಡೆಸುವ ಹುಡುಗ. ಆಗಸ್ಟ್‌ನಲ್ಲಿ ತಾಯಿಯ ಜೊತೆ ಕಾರ್ವರ್ ಬೆಂಡ್‌ಗೆ ಬಂದ. ಹುಡುಗ ಯಾವ ಊರಿಗೆ ಆಡುತ್ತಾನೋ ಆ ಊರಲ್ಲೇ ವಾಸವಿರಬೇಕು, ಆಟಕ್ಕಾಗಿ ಮನೆ ಹಿಡಿಯುವಂತಿಲ್ಲ ಎಂಬುದು ನಿಯಮ. ಎಂಟೂ ಊರಿನ ಸೂಪರಿಂಟೆಂಡೆಂಟರ ಸಮಿತಿ ಬಾಡಿಗೆ ಪತ್ರ ನೋಡಿ ಒಪ್ಪಿತ್ತು. ಡನ್ಲಿಯವರು ಮಾತ್ರ ಒಪ್ಪಿರಲಿಲ್ಲ.

ಡಾರ್ಲಾಳೂ ಒಪ್ಪಿರಲಿಲ್ಲ. ಅವಳ ಮಗ ಕೇಸನ್ ಕಾರ್ವರ್ ಬೆಂಡ್ ತಂಡದ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಮೂರು ವರ್ಷ ಕಾದಿದ್ದ. ಅದು ಅವನ ಕೊನೆಯ ವರ್ಷ. "ಅವ್ನು ನನಗಿಂತ ಚೆನ್ನಾಗಿ ಎಸೀತಾನಮ್ಮ" ಎಂದು ಹೇಳಿ ಕೇಸನ್ ಎರಡನೇ ತಟ್ಟೆ ಊಟ ಹಾಕಿಸಿಕೊಂಡಿದ್ದ. ಅನ್ನ ಇಳಿಯದೆ ಹೋದದ್ದು ತಾಯಿಗೆ.

ಡಾರ್ಲಾ ಊರಿನ ನೀರಿನ ಇಲಾಖೆಯಲ್ಲಿ ಮೀಟರ್ ಓದುವವಳು. ಸೆಪ್ಟೆಂಬರ್ ಕೊನೆಯಲ್ಲಿ ಹಿಕೊರಿ ಬೀದಿಯ ಆ ಮನೆಯ ಮೀಟರಿನ ಮುಚ್ಚಳ ಎತ್ತಿದಾಗ ಹಿಂದಿನ ತಿಂಗಳ ಅಂಕಿಯೇ ಇತ್ತು. ಹಾಗಾದಾಗ ಕೈಯಲ್ಲಿನ ಯಂತ್ರ ಕಾರಣ ಕೇಳುತ್ತದೆ: ಖಾಲಿ ಮನೆಯೋ, ನಿಂತ ಮೀಟರೋ? ಎರಡರಲ್ಲಿ ಒಂದನ್ನು ಒತ್ತುವ ಮುಂಚೆ ಅಂಗಳದ ನಲ್ಲಿ ತಿರುಗಿಸಿ, ಮೀಟರಿನ ಪುಟ್ಟ ಕೆಂಪು ತ್ರಿಕೋನ ತಿರುಗುತ್ತದೆಯೇ ಎಂದು ನೋಡಬೇಕು. ಹನ್ನೆರಡು ವರ್ಷದಲ್ಲಿ ಅವಳು ಒಮ್ಮೆಯೂ ಅದನ್ನು ತಪ್ಪಿಸಿರಲಿಲ್ಲ. ಆವತ್ತು ಜಗಲಿಯ ಕಂಬಿಯ ಮೇಲೆ ಒಂದು ಜೊತೆ ಉದ್ದನೆಯ ಕಾಲುಚೀಲ ಒಣಗುತ್ತಿತ್ತು. ಅವಳ ಕಣ್ಣಿಗೆ ಬಿತ್ತು ಕೂಡ. ನಲ್ಲಿ ಮುಟ್ಟದೆ 'ಖಾಲಿ ಮನೆ' ಒತ್ತಿದಳು.

ಬೆಳಗಾಗುವಷ್ಟರಲ್ಲಿ ಅವಳ ಎರಡು ಸಾಲಿನ ಕೆಳಗೆ ನಾನೂರು ಜನ ಸೇರಿದ್ದರು.

"ಬೂಟೂ, ನಿಂಗೆ ಹೆಂಗೋ ಗೊತ್ತಾಯ್ತು? ನಲ್ಲಿಯೊಳಗೆ ಕೂತಿದ್ಯಾ?"

"ಕಾರ್ವರ್ ಬೆಂಡ್‌ನೋರೇ, ಕದ್ದ ಹುಡುಗನಿಗೆ ಒಂದು ಸ್ನಾನನಾದ್ರೂ ಮಾಡಿಸ್ರಪ್ಪಾ!"

"ಬಾಡಿಗೆ ಪತ್ರ ಯಾರು ಬೇಕಾದ್ರೂ ಬರೀತಾರೆ. ನೀರು ಸುಳ್ಳು ಹೇಳಲ್ಲ."

ಕೊನೆಯ ಮಾತು ಕಾಳ್ಗಿಚ್ಚಾಯಿತು. ಆ ಶುಕ್ರವಾರದ ಪಂದ್ಯದಲ್ಲಿ ಡನ್ಲಿಯವರು ಅದನ್ನೇ ರಟ್ಟಿನ ಮೇಲೆ ಬರೆದು ಎತ್ತಿ ಹಿಡಿದರು. ಮುಂದಿನ ವಾರವೇ ಸಮಿತಿ ಕೂಡಿತು. "ಕಟ್ಟೆ ಮಾತಿಗೆ ಕಿವಿ ಕೊಡೋರಲ್ಲ ನಾವು" ಎಂದರು ಅಧ್ಯಕ್ಷ ಮ್ಯಾಬ್ರಿ. "ಆದ್ರೂ, ನೀರು ಸುಳ್ಳು ಹೇಳಲ್ಲ ಅಲ್ವಾ?" ಹುಡುಗನ ತಾಯಿ ಓರಾಲಿಯಾ, "ತರಿಸಿ ನೋಡಿ, ನನಗೇನು ಭಯ" ಎಂದು ತಾನೇ ಒಪ್ಪಿಗೆ ಬರೆದುಕೊಟ್ಟಳು. ಇಲಾಖೆಯಿಂದ ಬಂದ ಹಾಳೆಯಲ್ಲಿ ಎರಡೇ ವಿಷಯವಿತ್ತು: ಸೊನ್ನೆ, ಖಾಲಿ ಮನೆ.

ಎಫ್ರೇನ್ ಈ ವರ್ಷ ಆಡುವಂತಿಲ್ಲ ಎಂದಾಯಿತು. ಅದರ ಬೆನ್ನಿಗೇ ಹೊಸ ನಿಯಮ: ಇನ್ನು ಮೇಲೆ ಊರು ಬದಲಿಸಿ ಬರುವ ಯಾವ ಹುಡುಗನೇ ಆಗಲಿ, ಮೂರು ತಿಂಗಳ ನೀರಿನ ಲೆಕ್ಕ ತೋರಿಸಿಯೇ ತಂಡದ ಅಂಗಿ ತೊಡಬೇಕು. ಕಟ್ಟೆಯಲ್ಲಿ ಹಬ್ಬ. 'ಬೂಟಿನ ಕಾಯಿದೆ' ಎಂದು ಅದಕ್ಕೆ ಹೆಸರಿಟ್ಟರು.

ಕೇಸನ್‌ಗೆ ಜಾಗ ಸಿಕ್ಕಿತು. ಡಾರ್ಲಾ ಅಂದುಕೊಂಡ ಹಾಗೆ ಅವನು ಕುಣಿಯಲಿಲ್ಲ. ಅವಳಿಗೋ, ಊರಲ್ಲಿ ತಲೆಯೆತ್ತಿ ನಡೆಯುವುದೇ ಕಷ್ಟವಾಯಿತು. ದಿನಸಿ ಅಂಗಡಿಯ ಸಾಲಿನಲ್ಲಿ ಒಬ್ಬ, "ನಮ್ಮೂರೋನೇ ಕಣ್ರೀ ಆ ಬೂಟು. ಸಿಕ್ರೆ ಅದರಲ್ಲೇ ಬಾರಿಸ್ತೀನಿ" ಎಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವಳ ಕೈ ತಾನಾಗಿ ಫೋನಿದ್ದ ಜೇಬಿಗೆ ಹೋಯಿತು. "ಹೂಂ, ಎಂಥಾ ಜನ" ಎಂದಳು. ತನ್ನ ದನಿ ತನಗೇ ಹೇಸಿಗೆಯಾಯಿತು.

ಅಕ್ಟೋಬರ್ ಕೊನೆಗೆ ಮತ್ತೆ ಹಿಕೊರಿ ಬೀದಿಯ ಸರದಿ. ಅಂಗಳದ ಹಗ್ಗದ ತುಂಬ ಆಗತಾನೇ ಒಗೆದ ಬಟ್ಟೆ, ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳು ಮುಚ್ಚಳ ಎತ್ತಿದಳು. ಅದೇ ಅಂಕಿ.

ಓರಾಲಿಯಾ ಒಂದು ಲೋಟ ತಣ್ಣೀರು ಹಿಡಿದು ಹೊರಗೆ ಬಂದಳು. "ತಗೊಳ್ಳಿ ಮೇಡಂ, ಬಿಸಿಲು. ನೀರಿನ ಇಲಾಖೆಯೋರಾ? ನೀವಾದ್ರೂ ಹೇಳಿ, ನಾವು ಮನೇಲಿದೀವೋ ಇಲ್ವೋ? ಇಲ್ಲಿ ವೃದ್ಧಾಶ್ರಮದ ಅಡುಗೆಮನೇಲಿ ಕೆಲಸ ನಂದು, ಬೆಳಗಿನ ಜಾವ ನಾಲ್ಕು ಗಂಟೆಗೇ ಹೋಗ್ಬೇಕು. ಡನ್ಲಿಯಿಂದ ಆಗಲ್ಲ ಅಂತ ಬಂದ್ವಿ. ನೀರಿನ ಬಿಲ್ಲು ಕಮ್ಮಿ ಬಂದಾಗ, ಪರವಾಗಿಲ್ವೇ ಈ ಊರು ಅಂದ್ಕೊಂಡೆ ನಾನು, ಪೆದ್ದಿ!" ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಆಟ ನೋಡಿ ಪುಕ್ಕಟೆ ಸೀಟು ಕೊಡೋ ಕಾಲೇಜಿನೋರು ಬರೋದು ಈ ವರ್ಷನೇ ಅಂತೆ. ಹುಡುಗ ಊಟಕ್ಕೇ ಬರಲ್ಲ. ಗೋಡೆಗೆ ಚೆಂಡು ಎಸೀತಾ ಕೂತಿರ್ತಾನೆ."

ಡಾರ್ಲಾ ಅಂಗಳದ ನಲ್ಲಿ ತಿರುಗಿಸಿದಳು. ನೀರು ಧೋ ಎಂದು ಬಿತ್ತು. ಕೆಂಪು ತ್ರಿಕೋನ ಸತ್ತ ಹುಳುವಿನ ಹಾಗೆ ಬಿದ್ದಿತ್ತು, ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಕೈಯಲ್ಲಿದ್ದ ಲೋಟದ ನೀರನ್ನು ಕುಡಿಯಲಾರದೆ, ಚೆಲ್ಲಲೂ ಆರದೆ ನಿಂತಳು.

"ಮೀಟರ್ ಕೆಟ್ಟಿದೆ" ಎಂದಳು. ಯಂತ್ರದಲ್ಲಿ 'ನಿಂತ ಮೀಟರು' ಒತ್ತಿದಳು. ಹೋದ ಸಲ ಬರೆದವಳು ತಾನೆಂದು ಹೇಳಲಿಲ್ಲ.

ಅಂದೇ ಮಧ್ಯಾಹ್ನ ಮೇಲಧಿಕಾರಿ ಕುಚೇರಾ ಎದುರು ನಿಂತು ವರದಿ ಒಪ್ಪಿಸಿದಳು. ಕುಚೇರಾ ಕನ್ನಡಕ ಮೇಲೆತ್ತಿದರು. "ಹೋದ ತಿಂಗಳು ಖಾಲಿ ಮನೆ ಅಂತಿದೆಯಲ್ಲಮ್ಮ?"

"ನಾನೇ ಒತ್ತಿದ್ದು."

"ಬೆರಳು ಜಾರಿರುತ್ತೆ ಬಿಡು. ಮೀಟರ್ ಕೆಟ್ಟಿದೆ ಅಂತ ನಾನೊಂದು ಪತ್ರ ಕೊಡ್ತೀನಿ. ಸೋಮವಾರ ಅವರ ಮೇಲ್ಮನವಿ ಇದೆ. ನೀನ್ಯಾಕೆ ತಲೆ ಕೆಡಿಸ್ಕೋತೀಯ?"

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು; ಸುಮ್ಮನೆ ದಾಟಿಬಿಡಬಹುದಿತ್ತು. ಪತ್ರವೇ ಎಲ್ಲ ಸರಿಮಾಡೀತು ಎಂದು ಡಾರ್ಲಾ ಶನಿವಾರ, ಭಾನುವಾರ ತನಗೆ ತಾನೇ ಹೇಳಿಕೊಂಡಳು. ಆದರೂ ಸೋಮವಾರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಮ್ಯಾಬ್ರಿ ಪತ್ರ ಓದಿ ಕೆಳಗಿಟ್ಟರು. "ಮೀಟರ್ ಹೋದ ವಾರ ಕೆಟ್ಟಿರಬಹುದು ತಾಯಿ. ಸೆಪ್ಟೆಂಬರಲ್ಲಿ ಮನೆ ಖಾಲಿ ಅಂತ ಇಲಾಖೆಯೋರೇ ಕಣ್ಣಾರೆ ನೋಡಿ ಬರ್ದಿದ್ದಾರಲ್ಲ, ಅದಕ್ಕೇನಂತೀರಿ?"

ಓರಾಲಿಯಾ ಬಾಡಿಗೆ ಪತ್ರವನ್ನೇ ಮತ್ತೆ ಅವರ ಮುಂದೆ ತಳ್ಳಿದಳು. ಪಕ್ಕದಲ್ಲಿ ಎಫ್ರೇನ್ ತಲೆ ತಗ್ಗಿಸಿ ತನ್ನ ಬಲ ಅಂಗೈಯನ್ನೇ ನೋಡುತ್ತಿದ್ದ.

ಡಾರ್ಲಾ ಎದ್ದಳು. "ಕಣ್ಣಾರೆ ನೋಡಿದ್ದು ನಾನು. ಕಂಡಿದ್ದನ್ನ ಬರೀಲಿಲ್ಲ. ಜಗಲೀಲಿ ಹುಡುಗನ ಕಾಲುಚೀಲ ಒಣಗ್ತಿತ್ತು. ನಲ್ಲಿ ತಿರುಗಿಸಿ ನೋಡ್ಬೇಕಿತ್ತು, ನೋಡ್ಲಿಲ್ಲ. ನೋಡಿದ್ರೆ ಮೀಟರ್ ಕೆಟ್ಟಿದೆ ಅಂತ ಗೊತ್ತಾಗ್ಬಿಡುತ್ತೇನೋ ಅನ್ನೋ ಭಯ ನಂಗೆ." ಉಸಿರೆಳೆದುಕೊಂಡಳು. "ಕಟ್ಟೇಲಿ ಬರ್ದಿದ್ದೂ ನಾನೇ. ಹಳೇ ಬೂಟು ನಾನೇ."

ಬಾಗಿಲ ಬಳಿ ಯಾರೋ, "ಅಯ್ಯೋ, ಬೂಟು ಗಂಡಸು ಅಂದ್ಕೊಂಡಿದ್ನಲ್ಲೋ" ಎಂದು ಪಿಸುಗುಟ್ಟಿದ.

ಕಾರ್ವರ್ ಬೆಂಡ್, ಡನ್ಲಿ ಎರಡೂ ಮತ ಹಾಕುವಂತಿರಲಿಲ್ಲ. ಉಳಿದ ಆರರಲ್ಲಿ ನಾಲ್ಕು ಎಫ್ರೇನ್ ಪರ. ಅವನು ಈ ಶುಕ್ರವಾರ ಆಡಬಹುದು. ಅದೇ ಕೊನೆಯ ಪಂದ್ಯ. ಗೆದ್ದರೆ ಮಾತ್ರ ಮುಂದಿನ ಸುತ್ತು.

"ಮತ್ತೆ ಆ ನಿಯಮ?" ಎಂದಳು ಡಾರ್ಲಾ, ಇನ್ನೂ ನಿಂತೇ. "ಈ ಊರಲ್ಲಿ ಹತ್ತರಲ್ಲಿ ಒಂದು ಮೀಟರು ಹಳೇದು ಸರ್. ನಾಳೆ ಇನ್ನೊಂದು ಹುಡುಗ..."

ಮ್ಯಾಬ್ರಿ ಫೋನಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಒಳಗಿನ ಸುದ್ದಿ ಆಗಲೇ ಕಟ್ಟೆ ಮುಟ್ಟಿತ್ತು. "ನಿಯಮ ಇರ್ಲಿ. ಎಂಟೂ ಊರೋರು ಒಪ್ಪಿರೋದು ಅದೊಂದನ್ನೇ. ಈಗ ತೆಗೆದ್ರೆ ಈ ಕಟ್ಟೆಯೋರು ನಮ್ಮನ್ನ ಬದುಕೋಕೆ ಬಿಡಲ್ಲ. ಮೀಟರ್ ಸರಿ ಇಟ್ಕೊಳ್ಳೋದು ನಿಮ್ಮ ಇಲಾಖೆ ಕೆಲಸ."

ಹೊರಗೆ ಓರಾಲಿಯಾ ಎದುರಾದಳು. ಡಾರ್ಲಾ ಕ್ಷಮೆ ಎಂಬ ಮಾತು ಎತ್ತುವ ಮುಂಚೆಯೇ ಕೈ ಅಡ್ಡ ಹಿಡಿದಳು. "ಯಾಕೆ ಮಾಡಿದ್ರಿ ಅಂತ ಕೇಳಲ್ಲ. ನಿಮಗೂ ಮಗ ಇದಾನೆ. ಆದ್ರೆ ಆವತ್ತು ನಮ್ಮಂಗಳದಲ್ಲಿ ನಿಂತು ನನ್ನ ಗೋಳೆಲ್ಲ ಕೇಳಿಸ್ಕೊಂಡ್ರಲ್ಲ ಮೇಡಂ? ಆವಾಗ್ಲಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?" ಉತ್ತರಕ್ಕೆ ಕಾಯದೆ ಮಗನ ತೋಳು ಹಿಡಿದು ನಡೆದಳು.

ಮನೆಯಲ್ಲಿ ಕೇಸನ್‌ಗೆ ವಿಷಯ ಆಗಲೇ ಗೊತ್ತಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಬೈಯುತ್ತಾನೆ ಎಂದು ಅವಳು ಕಾದಳು, ಬೈದಿದ್ದರೆ ಒಳ್ಳೆಯದಿತ್ತು.

"ಅಮ್ಮ, ನಾನಾಗೇ ಆ ಜಾಗ ಗೆಲ್ಲಲ್ಲ ಅಂತ ನಿಂಗೆ ಮೊದ್ಲೇ ಅನ್ಸಿತ್ತಾ?"

"ಹಾಗಲ್ಲ ಕಣೋ..."

"ಮತ್ತೆ ಹೆಂಗೆ?"

ಅವನು ಚೀಲ ಹೆಗಲಿಗೇರಿಸಿದ. "ಬರ್ತೀನಿ. ನಾಲ್ಕು ವಾರದಲ್ಲಿ ಕೋಚ್ ಆಟನೆಲ್ಲ ಬದಲಾಯಿಸಿದ್ದಾರೆ. ಎಫ್ರೇನ್‌ಗೆ ಒಂದೂ ಗೊತ್ತಿಲ್ಲ, ಯಾರಾದ್ರೂ ಹೇಳಿಕೊಡ್ಬೇಕಲ್ಲ."

ಇಲಾಖೆ ಅವಳನ್ನು ಒಂದು ತಿಂಗಳು ಅಮಾನತಿನಲ್ಲಿಟ್ಟಿತು. ಕುಚೇರಾ ಆ ಕಾಗದ ಕೊಡುವಾಗ ಮುಖ ನೋಡಲಿಲ್ಲ.

ಶುಕ್ರವಾರ ಮೈದಾನದಲ್ಲಿ ಅವಳ ಮಾಮೂಲಿ ಸಾಲಿನ ತಾಯಂದಿರು ಬೆಂಚಿನ ಮೇಲಿನ ಚೀಲಗಳನ್ನು ತೆಗೆಯಲಿಲ್ಲ. ಡಾರ್ಲಾ ಇಳಿದು ಬೇಲಿಯ ಬಳಿ ನಿಂತಳು. ಎಫ್ರೇನ್ ಮೈದಾನಕ್ಕೆ ಓಡಿ ಬಂದಾಗ ಊರಿಗೆ ಊರೇ ಎದ್ದು ಕೂಗಿತು. ಗಡಿಗೆರೆಯಲ್ಲಿ ಕೇಸನ್ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕೈಸನ್ನೆ ಮಾಡಿ ಅವನಿಗೆ ಮುಂದಿನ ಆಟ ತಿಳಿಸುತ್ತಿದ್ದ.

ಮೊದಲ ಎಸೆತ ಓಡುವವನ ಬೆನ್ನ ಹಿಂದೆ ಬಿತ್ತು. ಎರಡನೆಯದು ಮುಂದೆ. ಮೂರನೆಯದನ್ನು ಎದುರಾಳಿ ಹಿಡಿದ. ಆಗಸ್ಟ್‌ನಲ್ಲಿ ಕಣ್ಣು ಮುಚ್ಚಿ ಎಸೆಯುತ್ತಿದ್ದ ಚೆಂಡುಗಳು ಅವು. ಆಟ ಮುಗಿಯಲು ಇನ್ನೂ ಹತ್ತು ನಿಮಿಷವಿರುವಾಗಲೇ, ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಕಾಲೇಜಿನ ಇಬ್ಬರು ಪುಸ್ತಕ ಮಡಚಿ ಕೆಳಗಿಳಿದರು. ಓರಾಲಿಯಾ ಅವರು ಹೋಗುವ ದಾರಿಯನ್ನೇ ನೋಡುತ್ತಿದ್ದುದು ಡಾರ್ಲಾಗೆ ಕಂಡಿತು.

ಬೇಲಿಗೆ ಒರಗಿದ್ದ ಮುದುಕನೊಬ್ಬ, ಪಕ್ಕದಲ್ಲಿರುವವಳು ಯಾರೆಂದು ತಿಳಿಯದೆ, "ಒಳ್ಳೇ ಕೈ ಕಣಮ್ಮ ಈ ಹುಡುಗಂದು, ಆದ್ರೆ ಲಯ ತಪ್ಪಿದೆ" ಎಂದ. "ನಾಲ್ಕು ಶುಕ್ರವಾರ ಸುಮ್ನೆ ಕೂರಿಸಿದ್ರೆ ಇನ್ನೇನಾಗುತ್ತೆ?"

"ನಾನೇ ಕೂರಿಸಿದ್ದು" ಎಂದಳು ಡಾರ್ಲಾ.

ಮುದುಕ ಅವಳತ್ತ ತಿರುಗಿ ನೋಡಿದ, ಟೋಪಿ ಸರಿಮಾಡಿಕೊಂಡ, ಬೇಲಿಯುದ್ದಕ್ಕೂ ಹತ್ತು ಹೆಜ್ಜೆ ಆಚೆ ಹೋಗಿ ನಿಂತ.