ಒಂದೇ ಪಾಟೀಸವಾಲು

ವಿಚಾರಣಾಧಿಕಾರಿಗಳು ಒಳ್ಳೆಯವರು. ಅದೇ ಕಷ್ಟವಾಯಿತು. ನಿವೃತ್ತ ನ್ಯಾಯಾಧೀಶರು, ಸಣ್ಣಮಾದಯ್ಯನಿಗೆ ಕುರ್ಚಿ ಕೊಡಿಸಿ, ಆರೋಪಪಟ್ಟಿಯನ್ನು ತಾವೇ ನಿಧಾನವಾಗಿ ಓದಿ ಹೇಳಿದರು. ಮಾರ್ಚ್ ಹನ್ನೆರಡು, ಗುರುವಾರ ಬೆಳಿಗ್ಗೆ, ವಾಲ್ವ್‌ಮನ್ ಸಣ್ಣಮಾದಯ್ಯ ಅಶೋಕಪುರಂನ ನೀರಿನ ವಾಲ್ವ್ ಮುಚ್ಚದೆ ಗೈರಾಗಿದ್ದ. ಟ್ಯಾಂಕು ಬರಿದಾಗಿತ್ತು. ಇದು ಮೂರನೆಯ ಸಲ. ರುಜುವಾತಾದರೆ ವಜಾ. ಇಪ್ಪತ್ತಾರು ವರ್ಷದ ನೌಕರಿ, ಪಿಂಚಣಿ, ಎಲ್ಲ ಹೋಗುತ್ತದೆ.

ನಾನು ನಾಗೇಂದ್ರ, ಅದೇ ನೀರು ಸರಬರಾಜು ಕಚೇರಿಯ ಗುಮಾಸ್ತ. ಆರೋಪಿ ನೌಕರ ತನ್ನ ಪರವಾಗಿ ಮಾತಾಡಲು ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು. ಅವನು ನನ್ನನ್ನು ಕರೆದಿದ್ದ. ನಿಜ ನನಗೆ ಗೊತ್ತಾದದ್ದು ಮಾತ್ರ ಹಿಂದಿನ ಸಂಜೆ, ಅವನ ಹೆಂಡತಿ ಚಲುವಮ್ಮನಿಂದ.

"ಗೈರಾಗಿದ್ದೋರು ನಮ್ಮೋರಲ್ಲ ಕಣಣ್ಣ, ಆ ಪುಟ್ಟಸ್ವಾಮಿ. ಎಂಡ್ರಿಗೆ ಡಯಾಲಿಸಿಸ್ಸು ಅಂತ ಗುರುವಾರ ಆಸ್ಪತ್ರೇಲಿ ಕೂತಿರ್ತಾರೆ. ಅವರ ಲಕ್ಷ್ಮೀಪುರಂ ಲೈನ್ಗೂ ಇವ್ರೇ ಸೈಕಲ್ ತುಳೀತಾರೆ. ಅವತ್ತು ಅಲ್ಲಿಂದ ಬರೋ ಒತ್ಗೆ ಇಲ್ಲಿ ಟ್ಯಾಂಕು ಖಾಲಿಯಾಗೋಗಿತ್ತು. ಆಜರಿ ಬುಕ್ನಲ್ಲಿ ಅವರ ಸಹೀನೂ ಇವ್ರೇ ಆಕ್ಬುಡ್ತಾರೆ."

ವಾಲ್ವ್‌ಮನ್‌ಗಳಲ್ಲಿ ಇದು ಹಳೆಯ ಪದ್ಧತಿ. ರಜೆ ಕೇಳಿದರೆ ಬದಲಿ ಆಳಿಲ್ಲ ಎನ್ನುತ್ತಾರೆ. ಒಬ್ಬನ ಮನೆಯಲ್ಲಿ ಕಾಯಿಲೆಯಾದರೆ ಇನ್ನೊಬ್ಬ ಎರಡು ಲೈನು ನೋಡಿಕೊಳ್ಳುತ್ತಾನೆ.

ಕಚೇರಿಯ ಸಾಕ್ಷಿಯಾಗಿ ಬಂದವನು ಪುಟ್ಟಸ್ವಾಮಿಯೇ. ಆ ಬೆಳಿಗ್ಗೆ ಲಕ್ಷ್ಮೀಪುರಂನಲ್ಲಿ ಡ್ಯೂಟಿಯಲ್ಲಿದ್ದೆ, ಸಣ್ಣಮಾದಯ್ಯನನ್ನು ಕಾಣಲಿಲ್ಲ ಎಂದು ನೆಲ ನೋಡುತ್ತ ಹೇಳಿದ.

"ಪಾಟೀಸವಾಲು ಇದೆಯಾ?" ಎಂದರು ಅಧಿಕಾರಿಗಳು.

ಸಣ್ಣಮಾದಯ್ಯ ಮೇಜಿನ ಕೆಳಗೆ ನನ್ನ ಮಂಡಿಯನ್ನು ಒತ್ತಿ ಹಿಡಿದ. ಬೇಡ ಎಂದು. ನಾನು ಎದ್ದೆ. ಹಾಜರಿ ಪುಸ್ತಕದಲ್ಲಿ ಆ ದಿನದ ಪುಟ ಬಿಡಿಸಿ ಪುಟ್ಟಸ್ವಾಮಿಯ ಮುಂದಿಟ್ಟೆ.

"ಇದು ನಿಮ್ಮ ಸಹಿಯಾ?"

ಪುಟ್ಟಸ್ವಾಮಿ ಬಾಯಿ ತೆರೆದ. ಸಹಿಯ ಮೇಲೆ ಬೆರಳಿಟ್ಟು ಸಣ್ಣಮಾದಯ್ಯನ ಕಡೆ ನೋಡಿದ. ಅದನ್ನು ಕಂಡು ಅಧಿಕಾರಿಗಳು ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು. ಇನ್ನೊಂದು ಗಳಿಗೆ ಸಾಕಿತ್ತು.

"ಅವಂದೇ ಸಾರ್," ಎಂದ ಸಣ್ಣಮಾದಯ್ಯ. "ಇಪ್ಪತ್ತಾರು ವರ್ಸದಿಂದ ನೋಡಿವ್ನಿ."

"ಹಾಗಾದರೆ ಆ ಹೊತ್ತು ನೀವೆಲ್ಲಿದ್ದಿರಿ?"

"ಮನೇಲಿ ಮಲ್ಗಿದ್ದೆ."

"ಯೋಚಿಸಿ ಹೇಳಿ. ಇದನ್ನು ಬರೆದುಕೊಂಡರೆ ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

"ಮಲ್ಗಿದ್ದೆ ಸಾರ್."

ಅವರು ಕನ್ನಡಕ ಹಾಕಿಕೊಂಡು ಟೈಪಿಸ್ಟ್ ಕಡೆ ತಿರುಗಿದರು. ವಾಣಿ ಅದನ್ನು ಟೈಪ್ ಮಾಡಿದಳು.

ಹೊರಗೆ ಮೆಟ್ಟಿಲ ಮೇಲೆ ನಾನು ಕೂಗಾಡಿದೆ. "ಹುಚ್ಚೇನಯ್ಯಾ ನಿನಗೆ? ಮನೆಗೆ ಹೋಗಿ ಏನ್ ಹೇಳ್ತೀಯಾ?"

"ಅವನ ಕೆಲ್ಸ ಓದ್ರೆ ಆಸ್ಪತ್ರೆ ಕಾರ್ಡೂ ಓಯ್ತದೆ ಕಣ್ರೀ. ಅವನ ಎಂಡ್ರು ಶಿವನಂಜಮ್ಮ ಎರಡು ವಾರ ತಡೀತಾಳಾ?" ಎಂದ.

ಪುಟ್ಟಸ್ವಾಮಿ ಹಿಂದೆಯೇ ಬಂದು ಅವನ ಕಾಲಿಗೆ ಬಗ್ಗಿದ.

"ಥೂ, ಏಳೋ. ನಾಟ್ಕ ಆಡ್ಬೇಡ," ಎಂದು ಸಣ್ಣಮಾದಯ್ಯ ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. "ಆರ್ಡರ್ ಬರೋಗಂಟ ನಿನ್ ಲೈನ್ ನಾನ್ ನೋಡ್ಕತೀನಿ. ಆಮೇಕೆ ಯಾರ್ನ ಕೇಳೀಯ?"

ಪುಟ್ಟಸ್ವಾಮಿ ಮುಖ ಒರೆಸಿಕೊಂಡ. "ಸಿದ್ದು?"

"ಬಾಯ್ಬಡುಕ. ಸಂಜೆಗೆ ಇಂಜಿನಿಯರ್ ಕಿವೀಲಿರ್ತದೆ."

"ಕುಮಾರಸ್ವಾಮಿ?"

"ಪಾಪ, ಅವನ ಮಂಡಿ ಓಗ್ಬುಟ್ಟದೆ. ಸೈಕಲ್ ತುಳಿಯಾಕಾಗಕಿಲ್ಲ."

ಮೂರನೆಯ ಹೆಸರಿಗಾಗಿ ಇಬ್ಬರೂ ಸುಮಾರು ಹೊತ್ತು ಯೋಚಿಸಿದರು. ಹೊಳೆಯಲಿಲ್ಲ.